ಜೀವಕೋಶಗಳ ದಿನಚರಿ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಜೀವಕೋಶಗಳಿಗೇನು ಕೆಲಸವೆಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ಸೂಕ್ಷ್ಮದರ್ಶಕವನ್ನು ಮುಟ್ಟಿದ್ದು ಪ್ರೌಢಶಾಲೆಯಲ್ಲಿ, ಅದೂ ಈರುಳ್ಳಿಯ ಪೊರೆಯನ್ನು ನೋಡುವುದಕ್ಕೆ. ಆದರೆ ಅರ್ಥಶಾಸ್ತ್ರವನ್ನು ಓದುವವರಿಗೆ ದುಡಿಮೆ, ಉತ್ಪಾದನೆ, ಉಳಿತಾಯ, ಹಂಚಿಕೆ ಇವುಗಳಲ್ಲಿ ಆಸಕ್ತಿಯಿರುವುದು ಸಹಜ. ಈ ನಾಲ್ಕೂ ನಮ್ಮ ಚರ್ಮದೊಳಗೆ ಹಗಲಿರುಳೂ ನಡೆಯುತ್ತಿರುವಾಗ ಆ ವಿಷಯವನ್ನು ವಿಜ್ಞಾನದ ವಿದ್ಯಾರ್ಥಿಗಳಿಗೇ ಬಿಟ್ಟುಕೊಡುವುದೇಕೆ? ಇದಲ್ಲದೆ ನಾನು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಉಂಟು. ಶರೀರದಲ್ಲಿ ಒಂದು ಬಗೆಯ ಜೀವಕೋಶಗಳು ಮಾಡಬೇಕಾದ ಕೆಲಸವನ್ನು ೨೦೧೮ರಿಂದ ನಮ್ಮ ಮನೆಯವರು ಕೈಯಾರೆ ಮಾಡುತ್ತಿದ್ದೇವೆ. ಅದರ ವಿವರವನ್ನು ಮುಂದೆ ಹೇಳುತ್ತೇನೆ. ಮನೆಯಲ್ಲಿ ದಿನವೂ ದುಡಿಯುವವರ ಬೆಲೆ ಅವರು ಹಾಸಿಗೆ ಹಿಡಿದ ದಿನ ತಿಳಿಯುತ್ತದೆ. ಜೀವಕೋಶಗಳ ಮಾತೂ ಹಾಗೆಯೇ.

ಮೊದಲು ಈ ಹೆಸರಿನ ಚರಿತ್ರೆಯನ್ನು ನೋಡೋಣ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಬೆಂಡಿನ ತೆಳುವಾದ ಬಿಲ್ಲೆಯೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಪುಟ್ಟ ಪುಟ್ಟ ಕೋಣೆಗಳಿರುವುದನ್ನು ಕಂಡು, ೧೬೬೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವುಗಳನ್ನು ಕೋಣೆಯೆಂಬ ಅರ್ಥ ಬರುವ ಮಾತಿನಿಂದಲೇ ಕರೆದನು. ಅವನು ಕಂಡದ್ದು ಸತ್ತ ಕೋಶಗಳ ಬರಿಯ ಗೋಡೆಗಳನ್ನು. ಸಸ್ಯಗಳೆಲ್ಲ ಕೋಶಗಳಿಂದಾದುವೆಂದು ಷ್ಲೈಡೆನ್ ೧೮೩೮ರಲ್ಲಿಯೂ, ಪ್ರಾಣಿಗಳೂ ಹಾಗೆಯೇ ಎಂದು ಷ್ವಾನ್ ೧೮೩೯ರಲ್ಲಿಯೂ ಸಾರಿದರು. ಕೋಶವು ಮತ್ತೊಂದು ಕೋಶದಿಂದಲೇ ಹುಟ್ಟಬೇಕೆಂಬ ಸೂತ್ರವನ್ನು ೧೮೫೦ರ ದಶಕದಲ್ಲಿ ಪ್ರಸಿದ್ಧಿಗೆ ತಂದವನು ಜರ್ಮನಿಯ ವಿರ್ಷೋ. ಈ ಮೂವರೂ ಜರ್ಮನ್ನರೇ.

ನಮ್ಮ ಶರೀರದಲ್ಲಿ ಇಂತಹ ಕೋಶಗಳು ಎಷ್ಟಿರಬಹುದು? ೨೦೧೬ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ ೭೦ ಕಿಲೋ ತೂಕದ ವಯಸ್ಕನಲ್ಲಿ ಸುಮಾರು ೩೦ ಲಕ್ಷ ಕೋಟಿ. ಅವುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕೆಂಪು ರಕ್ತಕಣಗಳೇ. ಸುಮಾರು ೩೩ ಸಾವಿರ ಕೋಟಿ ಕೋಶಗಳು ದಿನವೊಂದಕ್ಕೆ ಸತ್ತು ಅಷ್ಟೇ ಹೊಸವು ಹುಟ್ಟುತ್ತವೆಯೆಂದು ೨೦೨೧ರ ಇನ್ನೊಂದು ಲೆಕ್ಕ ಹೇಳುತ್ತದೆ. ನಿನ್ನೆ ಕಾಲೇಜಿಗೆ ಬಂದ ನಾವೂ ಇಂದು ಬಂದ ನಾವೂ ಪೂರ್ತಿಯಾಗಿ ಅವರೇ ಅಲ್ಲ!

ಇಷ್ಟು ಕೋಶಗಳೂ ತಾಯಿಯ ಗರ್ಭದಲ್ಲಿದ್ದ ಒಂದೇ ಕೋಶದ ಸಂತತಿ. ಆದುದರಿಂದ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಡಿ.ಎನ್.ಎ. ಎಂಬ ಒಂದೇ ಗ್ರಂಥವಿರುತ್ತದೆ. ಹಾಗಿದ್ದರೆ ಕಣ್ಣಿನ ಕೋಶ ಕಾಣುವುದೂ ಹೊಟ್ಟೆಯ ಕೋಶ ಆಮ್ಲವನ್ನು ಸುರಿಸುವುದೂ ಹೇಗೆ? ನಮ್ಮ ಗ್ರಂಥಾಲಯದಲ್ಲಿರುವ ಪುಸ್ತಕಗಳು ಎಲ್ಲರಿಗೂ ಒಂದೇ. ಆದರೆ ಕನ್ನಡ ಐಚ್ಛಿಕದವರು ಒಂದು ಕಪಾಟನ್ನು ತೆರೆಯುತ್ತಾರೆ, ರಾಜ್ಯಶಾಸ್ತ್ರದವರು ಇನ್ನೊಂದನ್ನು. ಜೀವಕೋಶವೂ ತನ್ನ ಕಸುಬಿಗೆ ಬೇಕಾದ ಅಧ್ಯಾಯಗಳನ್ನು ಮಾತ್ರ ತೆರೆದು ಉಳಿದವನ್ನು ಮುಚ್ಚಿಡುತ್ತದೆ. ಕಸುಬುಗಳು ಬೇರೆಯಾದುದು ಹೀಗೆ.

ಕೆಂಪು ರಕ್ತಕಣದ ಕಸುಬು ಹಮಾಲಿಯದು. ಅಸ್ಥಿಮಜ್ಜೆಯಲ್ಲಿ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಮೀರಿ ಇವು ತಯಾರಾಗುತ್ತವೆ. ಹೊರೆಗೆ ಹೆಚ್ಚು ಸ್ಥಳ ಸಿಗಲೆಂಬಂತೆ ಈ ಕಣವು ಬೆಳೆಯುವಾಗಲೇ ತನ್ನ ಕೇಂದ್ರವನ್ನು, ಎಂದರೆ ಮೇಲೆ ಹೇಳಿದ ಗ್ರಂಥವನ್ನೇ, ಹೊರಗೆ ಎಸೆದುಬಿಡುತ್ತದೆ. ಒಳಗೆಲ್ಲ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಒಂದು ಕಣದಲ್ಲಿ ಸುಮಾರು ೨೭ ಕೋಟಿ ಹಿಮೋಗ್ಲೋಬಿನ್ ಅಣುಗಳು. ಒಂದೊಂದೂ ನಾಲ್ಕು ಆಮ್ಲಜನಕದ ಅಣುಗಳನ್ನು ಹೊರಬಲ್ಲುದು. ನಾವು ಸುಮ್ಮನೆ ಕುಳಿತಿರುವಾಗಲೂ ಈ ಹಮಾಲಿ ಹೃದಯದಿಂದ ಹೊರಟು ಶರೀರವನ್ನು ಸುತ್ತಿ ಮರಳಲು ಸುಮಾರು ಒಂದು ನಿಮಿಷ ಸಾಕು. ೧೨೦ ದಿನಗಳ ದುಡಿಮೆಯಾದ ಮೇಲೆ ಕಣದ ಮೈ ಬಿರುಸಾಗುತ್ತದೆ. ಆಗ ಗುಲ್ಮದಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಭಕ್ಷಕ ಕೋಶಗಳು ಅದನ್ನು ನುಂಗಿ, ಒಳಗಿನ ಕಬ್ಬಿಣವನ್ನು ಮಾತ್ರ ಬಿಡಿಸಿ ಹೊಸ ಕಣಗಳ ಉಪಯೋಗಕ್ಕೆ ಕಳುಹಿಸುತ್ತವೆ. ಈ ಕಣ ಆಮ್ಲಜನಕವನ್ನು ಹೊರುತ್ತದೆಯೇ ಹೊರತು ತಾನು ಬಳಸುವುದಿಲ್ಲ. ಅದರ ಆಹಾರ ಗ್ಲೂಕೋಸ್ ಒಂದೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಉಳಿದ ಕಸುಬಿನವರನ್ನೂ ಸಂಕ್ಷೇಪವಾಗಿ ನೋಡೋಣ. ಸಣ್ಣ ಕರುಳಿನ ಒಳಪದರದ ಕೋಶಗಳ ಆಯುಸ್ಸು ಮೂರರಿಂದ ಐದು ದಿನ. ಊಟವನ್ನು ಒಡೆದು ರಕ್ತಕ್ಕೆ ದಾಟಿಸುವ ಈ ಕೆಲಸದಲ್ಲಿ ಸವೆತ ಹೆಚ್ಚು. ಸೋಂಕು ತಗುಲಿದೆಡೆಗೆ ಮೊದಲು ಓಡುವ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ದಿನಕ್ಕೆ ಹತ್ತು ಸಾವಿರ ಕೋಟಿಯ ಸುಮಾರಿಗೆ ಹುಟ್ಟುತ್ತವೆ. ರಕ್ತದಲ್ಲಿ ಅವುಗಳ ಬಾಳು ಹೆಚ್ಚೆಂದರೆ ಕೆಲವು ದಿನ. ಮೂಳೆಯಲ್ಲಿ ಎರಡು ಪಂಗಡಗಳುಂಟು: ಒಂದು ಹಳೆಯ ಮೂಳೆಯನ್ನು ಕರಗಿಸುತ್ತ ಹೋಗುತ್ತದೆ, ಇನ್ನೊಂದು ಅದರ ಬೆನ್ನಿಗೇ ಹೊಸದನ್ನು ಕಟ್ಟುತ್ತ ಬರುತ್ತದೆ. ವಯಸ್ಕರ ಅಸ್ಥಿಪಂಜರದ ಹತ್ತರಲ್ಲೊಂದು ಪಾಲು ಹೀಗೆ ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಹೃದಯದ ಸ್ನಾಯುಕೋಶಗಳಾದರೋ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಕುಗ್ಗಿ ಹಿಗ್ಗುತ್ತವೆ. ಅವಕ್ಕೆ ರಜೆಯೇ ಇಲ್ಲ.

ಹಾಗಾದರೆ ಎಲ್ಲ ಕೋಶಗಳೂ ಹೊಸದಾಗುತ್ತವೆಯೆ? ಇಲ್ಲ. ಇದನ್ನು ಕಂಡುಹಿಡಿದ ಬಗೆ ಇತಿಹಾಸದ ವಿದ್ಯಾರ್ಥಿಗಳಿಗೆ ರುಚಿಸೀತು. ೧೯೫೦ರ ದಶಕದಿಂದ ೧೯೬೩ರ ಒಪ್ಪಂದದವರೆಗೆ ಪ್ರಬಲ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸುತ್ತಿದ್ದುವು. ಅದರಿಂದ ಗಾಳಿಯಲ್ಲಿ ಇಂಗಾಲ-೧೪ ಎಂಬ ವಿಕಿರಣಶೀಲ ಇಂಗಾಲ ಹೆಚ್ಚಾಯಿತು. ಪರೀಕ್ಷೆಗಳು ನಿಂತ ಮೇಲೆ ವರ್ಷವರ್ಷಕ್ಕೂ ಇಳಿಯತೊಡಗಿತು. ಗಿಡಗಳ ಮೂಲಕ, ಅನ್ನದ ಮೂಲಕ ಅದು ಮನುಷ್ಯರ ಕೋಶಗಳನ್ನೂ ಸೇರಿತು. ಕೋಶ ಹುಟ್ಟಿದ ವರ್ಷ ಗಾಳಿಯಲ್ಲಿ ಎಷ್ಟಿತ್ತೋ ಆ ಪ್ರಮಾಣ ಅದರ ಡಿ.ಎನ್.ಎ.ಯಲ್ಲಿ ಉಳಿದುಬಿಡುತ್ತದೆ. ಶಾಸನದ ಲಿಪಿಯನ್ನು ನೋಡಿ ಕಾಲವನ್ನು ಹೇಳುವಂತೆ, ಸ್ವೀಡನ್ನಿನ ಯೋನಾಸ್ ಫ್ರಿಸೇನ್ ಮತ್ತು ಸಂಗಡಿಗರು ೨೦೦೫ರಿಂದೀಚೆಗೆ ಈ ಗುರುತಿನಿಂದ ಕೋಶಗಳ ವಯಸ್ಸನ್ನು ಅಳೆದರು. ಮೆದುಳಿನ ಹೊರಪದರದ ನರಕೋಶಗಳ ವಯಸ್ಸು ಆ ಮನುಷ್ಯನ ವಯಸ್ಸೇ. ಹೃದಯದ ಸ್ನಾಯುಕೋಶಗಳು ವರ್ಷಕ್ಕೆ ನೂರಕ್ಕೆ ಒಂದರಷ್ಟು, ವಯಸ್ಸಾದಂತೆ ಇನ್ನೂ ಕಡಿಮೆ, ಬದಲಾಗುತ್ತವೆ. ಎಂದರೆ ಕೆಲವು ಕೋಶಗಳು ಹೋದರೆ ಮತ್ತೆ ಬರುವುದು ಕಷ್ಟ.

ಇವೆಲ್ಲ ದುಡಿಯಬೇಕಾದರೆ ಉರುವಲು ಬೇಕು. ಶರೀರದ ತೂಕದಲ್ಲಿ ಐವತ್ತನೆಯ ಒಂದು ಪಾಲಿರುವ ಮೆದುಳು ಶಕ್ತಿಯ ಐದನೆಯ ಒಂದು ಪಾಲನ್ನು ಬಳಸುತ್ತದೆ. ದಿನಕ್ಕೆ ಅದಕ್ಕೆ ಸುಮಾರು ೧೨೦ ಗ್ರಾಂ ಗ್ಲೂಕೋಸ್ ಬೇಕು. ಆದರೆ ಯಾವುದೇ ಒಂದು ಗಳಿಗೆಯಲ್ಲಿ ನಮ್ಮ ಐದು ಲೀಟರು ರಕ್ತದಲ್ಲಿ ಇರುವ ಗ್ಲೂಕೋಸ್ ಎಷ್ಟು? ಸುಮಾರು ಐದು ಗ್ರಾಂ, ಒಂದು ಟೀ ಚಮಚ ಸಕ್ಕರೆಯಷ್ಟು! ಇದು ತೀರ ಕಡಿಮೆಯಾದರೆ ಮೆದುಳು ಕತ್ತಲಾಗುತ್ತದೆ. ಹೆಚ್ಚಾಗಿಯೇ ಉಳಿದರೆ ಕಣ್ಣು, ಮೂತ್ರಪಿಂಡ, ನರಗಳು ಕ್ರಮೇಣ ಕೆಡುತ್ತವೆ. ಇತ್ತ ೧೦೦ ಗ್ರಾಂ ರಾಗಿಹಿಟ್ಟಿನ ಮುದ್ದೆಯನ್ನು ಉಂಡೆವೆಂದರೆ ಎಪ್ಪತ್ತು ಗ್ರಾಮಿನ ಸುಮಾರಿಗೆ ಪಿಷ್ಟಪದಾರ್ಥ ಒಳಗೆ ಹೋಯಿತು. ಅದು ಜೀರ್ಣವಾದಂತೆ ಗ್ಲೂಕೋಸಾಗಿ ರಕ್ತಕ್ಕೆ ಬರುತ್ತದೆ. ಒಂದೇ ಚಮಚ ಇರಬೇಕಾದ ಕಡೆಗೆ ಹದಿನಾಲ್ಕು ಚಮಚ ಬರುತ್ತಿದೆ. ಆದರೂ ಲೆಕ್ಕ ತಪ್ಪಬಾರದು. ಈ ಲೆಕ್ಕವನ್ನು ಇಡುವವರು ಯಾರು?

ಜಠರದ ಹಿಂದೆ ಮೇದೋಜೀರಕ ಗ್ರಂಥಿಯಿದೆ. ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯ ವಿದ್ಯಾರ್ಥಿಯು ೧೮೬೯ರಲ್ಲಿ ಈ ಗ್ರಂಥಿಯ ನಡುನಡುವೆ ದ್ವೀಪಗಳಂತೆ ಚದುರಿರುವ ಕೋಶಗಳ ಗುಂಪುಗಳನ್ನು ವರ್ಣಿಸಿದನು. ಅವು ಏತಕ್ಕೆಂದು ಅವನಿಗೆ ಹೊಳೆಯಲಿಲ್ಲ. ಸುಮಾರು ಹತ್ತು ಲಕ್ಷವಿರುವ ಈ ದ್ವೀಪಗಳೆಲ್ಲ ಸೇರಿದರೂ ಗ್ರಂಥಿಯ ತೂಕದ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅದರಲ್ಲಿರುವ ಬೀಟಾ ಕೋಶಗಳೇ ನಮ್ಮ ಲೆಕ್ಕಿಗರು. ಇವುಗಳ ಕೆಲಸ ಬಲು ಅಚ್ಚುಕಟ್ಟು. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಿದಷ್ಟೂ ಬೀಟಾ ಕೋಶದ ಒಳಕ್ಕೂ ಹೆಚ್ಚಾಗಿ ಬರುತ್ತದೆ. ಬಂದುದು ಅಲ್ಲಿ ಉರಿದು ಶಕ್ತಿಯಾಗುತ್ತದೆ. ಆ ಶಕ್ತಿ ಒಂದು ಮಟ್ಟಕ್ಕೇರಿದೊಡನೆ ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಳ್ಳುತ್ತವೆ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಗ ಪುಟ್ಟ ಚೀಲಗಳಲ್ಲಿ ಸಿದ್ಧವಾಗಿಟ್ಟಿದ್ದ ಇನ್ಸುಲಿನ್ ರಕ್ತಕ್ಕೆ ಸುರಿಯುತ್ತದೆ. ಅದು ಸ್ನಾಯುವಿನ ಮತ್ತು ಕೊಬ್ಬಿನ ಕೋಶಗಳಿಗೆ ಹೋಗಿ ಗ್ಲೂಕೋಸಿಗೆ ಬಾಗಿಲು ತೆರೆಯಿಸುತ್ತದೆ. ಯಕೃತ್ತಿಗೂ ಅದರಿಂದಲೇ ಅಪ್ಪಣೆ: "ಈಗ ಬಂದುದನ್ನು ಕೂಡಿಡು." ಯಕೃತ್ತಿನ ಕೋಶಗಳು ನೂರು ಗ್ರಾಮಿನಷ್ಟನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತವೆ. ರಾತ್ರಿ ನಾವು ಮಲಗಿದಾಗ ನೆರೆಯ ಆಲ್ಫಾ ಕೋಶಗಳು ಗ್ಲೂಕಗಾನ್ ಎಂಬ ಇನ್ನೊಂದು ದ್ರವ್ಯವನ್ನು ಕಳುಹಿಸಿ ಆ ಉಳಿತಾಯವನ್ನು ಬಿಡಿಸುತ್ತವೆ. ಕೂಡಿಡಲು ಒಬ್ಬ, ಬಿಡಿಸಲು ಒಬ್ಬ; ಇವರ ನಡುವೆ ನಮಗೆ ಸುಖನಿದ್ರೆ.

ಇನ್ನು ನಮ್ಮ ಮನೆಯ ಮಾತು. ೨೦೧೮ರ ಮಳೆಗಾಲದಲ್ಲಿ ಹನ್ನೊಂದು ವರ್ಷದ ನನ್ನ ತಂಗಿಗೆ ವಿಪರೀತ ಬಾಯಾರಿಕೆ ಹತ್ತಿತು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವಳು. ಚೆನ್ನಾಗಿ ಉಣ್ಣುತ್ತಿದ್ದರೂ ಲಂಗ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದಳು. ಮೂರನೆಯ ವಾರ ವಾಂತಿ, ಏದುಸಿರು. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದುದಿಷ್ಟು: ಇದು ಮೊದಲನೆಯ ಬಗೆಯ ಮಧುಮೇಹ, ಇವಳ ಬೀಟಾ ಕೋಶಗಳಲ್ಲಿ ಬಹುಪಾಲು ಉಳಿದಿಲ್ಲ.

ಅವುಗಳನ್ನು ಕೊಂದವರು ಯಾರು? ಶರೀರದ ಕಾವಲುಗಾರರೇ. ಟಿ-ಕೋಶಗಳೆಂಬ ಬಿಳಿಯ ಕಣಗಳಿಗೆ ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯೇ ಪಾಠಶಾಲೆ. ತನ್ನವರ ಮೇಲೆ ಕೈಮಾಡುವಂಥವನ್ನು ಅಲ್ಲಿಯೇ ತೆಗೆದುಹಾಕುವುದು ಕ್ರಮ. ಆದರೆ ಕೆಲವು ತಪ್ಪಿಸಿಕೊಳ್ಳುತ್ತವೆ. ಮೊದಲನೆಯ ಬಗೆಯ ಮಧುಮೇಹದಲ್ಲಿ ಅವು ಬೀಟಾ ಕೋಶಗಳನ್ನು ಹೊರಗಿನ ಶತ್ರುವೆಂದು ಬಗೆದು ನಾಶಮಾಡುತ್ತವೆ. ಆಗ ರಕ್ತದ ತುಂಬ ಗ್ಲೂಕೋಸಿದ್ದರೂ ಸ್ನಾಯುಕೋಶದ ಬಾಗಿಲು ತೆರೆಯದು. ಸಂತೆಯಲ್ಲಿ ರಾಶಿ ದವಸವಿದ್ದೂ ಮನೆಯೊಳಗೆ ಉಪವಾಸ. ಶರೀರವು ಕೊಬ್ಬನ್ನು ಕರಗಿಸಿ ಉರಿಸತೊಡಗುತ್ತದೆ. ಅದರಿಂದ ಹುಟ್ಟುವ ಆಮ್ಲಗಳು ರಕ್ತವನ್ನು ಕೆಡಿಸುತ್ತವೆ. ದೊಡ್ಡವರಲ್ಲಿ ನಾವು ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆ ಎರಡನೆಯ ಬಗೆಯದು. ಅಲ್ಲಿ ಇನ್ಸುಲಿನ್ ಇದ್ದರೂ ಬಾಗಿಲುಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಬೀಟಾ ಕೋಶಗಳು ಹೆಚ್ಚು ದುಡಿದು ಕ್ರಮೇಣ ಸೋಲುತ್ತವೆ.

ನೂರು ವರ್ಷಗಳ ಹಿಂದಿನವರೆಗೆ ಮೊದಲನೆಯ ಬಗೆಗೆ ಮರಣವೊಂದೇ ಕೊನೆಯಾಗಿತ್ತು. ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ೧೯೨೧ರಲ್ಲಿ ನಾಯಿಗಳ ಮೇದೋಜೀರಕದಿಂದ ಸಾರವನ್ನು ತೆಗೆದರು. ಮ್ಯಾಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ನಡೆದ ಈ ಕೆಲಸದಲ್ಲಿ ಅದನ್ನು ಶುದ್ಧಿ ಮಾಡಿದವನು ಕಾಲಿಪ್. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಮೊದಲು ಚುಚ್ಚಿದರು. ಮೊದಲ ಸಲ ಫಲ ಅಷ್ಟಾಗಿ ದೊರೆಯಲಿಲ್ಲ; ಹನ್ನೆರಡು ದಿನಗಳ ಬಳಿಕ ಶುದ್ಧವಾದ ಸಾರವನ್ನು ಕೊಟ್ಟಾಗ ಹುಡುಗ ಚೇತರಿಸಿಕೊಂಡನು. ಬಹುಕಾಲ ದನ ಮತ್ತು ಹಂದಿಗಳ ಗ್ರಂಥಿಯಿಂದ ಇನ್ಸುಲಿನ್ ತೆಗೆಯುತ್ತಿದ್ದರು. ೧೯೮೨ರಿಂದ ಬ್ಯಾಕ್ಟೀರಿಯಗಳಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಮಾರಾಟಕ್ಕೆ ಬಂದಿತು. ಒಂದು ಜಾತಿಯ ಕೋಶದ ಗ್ರಂಥದಿಂದ ಒಂದು ಪುಟವನ್ನು ತೆಗೆದು ಇನ್ನೊಂದು ಜಾತಿಯ ಕೋಶಕ್ಕೆ ಓದಿಸಿದಂತಾಯಿತು.

ಈಗ ನಮ್ಮ ಮನೆಯ ದಿನಚರಿಯನ್ನು ಕೇಳಿ. ಬೆಳಿಗ್ಗೆ ಎದ್ದೊಡನೆ ತಂಗಿಯ ಬೆರಳ ತುದಿಯನ್ನು ಚುಚ್ಚಿ ಒಂದು ಹನಿ ರಕ್ತವನ್ನು ಯಂತ್ರಕ್ಕೆ ಕೊಡಬೇಕು. ಅದು ತೋರಿಸಿದ ಅಂಕಿ, ತಿನ್ನಲಿರುವ ಇಡ್ಲಿಗಳ ಸಂಖ್ಯೆ, ಅಂದು ಶಾಲೆಯಲ್ಲಿ ಆಟವಿದೆಯೋ ಇಲ್ಲವೋ, ಇವನ್ನೆಲ್ಲ ಕೂಡಿ ಕಳೆದು ಇಷ್ಟು ಯೂನಿಟ್ ಎಂದು ನಿರ್ಧರಿಸಿ ಚುಚ್ಚಬೇಕು. ಮಧ್ಯಾಹ್ನ ಮತ್ತೆ, ರಾತ್ರಿ ಮತ್ತೆ, ಮಲಗುವ ಮುನ್ನ ನಿಧಾನವಾಗಿ ಇಳಿಯುವ ಬೇರೊಂದು ಬಗೆಯದು. ಮೊದಲ ವರ್ಷಗಳಲ್ಲಿ ಅಮ್ಮ ರಾತ್ರಿ ಮೂರು ಗಂಟೆಗೆ ಗಡಿಯಾರವಿಲ್ಲದೆಯೇ ಎದ್ದು ಮಗಳ ಹಣೆ ಬೆವರಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ವಿದ್ಯುತ್ತು ಹೋದಾಗ ಇನ್ಸುಲಿನ್ ಸೀಸೆಯನ್ನು ನೀರಿನಲ್ಲಿ ನೆನೆಸಿದ ಮಣ್ಣಿನ ಮಡಕೆಯಲ್ಲಿಡುವುದನ್ನು ಕಲಿತೆವು. ಜ್ವರ ಬಂದರೆ ಲೆಕ್ಕ ಬೇರೆ, ಪರೀಕ್ಷೆಯ ಭಯವಿದ್ದರೆ ಬೇರೆ, ಯುಗಾದಿಯ ಒಬ್ಬಟ್ಟಿಗೆ ಬೇರೆ. ಊಟವಾದ ಮೇಲೆ ಅರ್ಧ ಗಂಟೆ ನಡೆದಾಡಿದರೆ ಅಂಕಿ ಇಳಿಯುತ್ತದೆ. ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಒಂದಿಷ್ಟು ಬಾಗಿಲುಗಳನ್ನು ತೆರೆದುಕೊಳ್ಳುತ್ತದೆ. ಮೂರು ಜನ ದೊಡ್ಡವರು ಕಾಗದ ಪೆನ್ಸಿಲು ಹಿಡಿದು ದಿನಕ್ಕೆ ನಾಲ್ಕೈದು ಸಲ ಮಾಡುವ ಈ ಲೆಕ್ಕವನ್ನು ಬೀಟಾ ಕೋಶಗಳು ಎಡೆಬಿಡದೆ ಮಾಡುತ್ತವೆ. ನಾವು ಮಾಡುವುದಕ್ಕಿಂತ ಎಷ್ಟೋ ನಿಖರವಾಗಿ.

ಮೂರು ತಿಂಗಳಿಗೊಮ್ಮೆ ಇನ್ನೊಂದು ಪರೀಕ್ಷೆಯುಂಟು. ಗ್ಲೂಕೋಸ್ ರಕ್ತದಲ್ಲಿ ಹೆಚ್ಚಿದಷ್ಟೂ ಕೆಂಪು ಕಣದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಕಣ ಸಾಯುವವರೆಗೆ ಬಿಡುವುದಿಲ್ಲ. ಕಣದ ಆಯುಸ್ಸು ೧೨೦ ದಿನವಾದುದರಿಂದ ಆ ಅಂಟಿನ ಪ್ರಮಾಣವನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಹೀಗೆ ಸತ್ತ ಲೆಕ್ಕಿಗನ ಬದಲಿಗೆ ನಾವು ಬರೆದ ಲೆಕ್ಕವನ್ನು ಹಮಾಲಿ ತಪಾಸಣೆ ಮಾಡುತ್ತಾನೆ. ಒಂದು ಬಗೆಯ ಕೋಶದ ಕೆಲಸ ಇನ್ನೊಂದರ ಮೈಮೇಲೆ ಬರೆದಿರುತ್ತದೆಂಬುದನ್ನು ನಾನು ಕಲಿತದ್ದು ಈ ಪರೀಕ್ಷೆಯ ಚೀಟಿಯಿಂದ.

ಕೋಶಗಳ ಕಷ್ಟಕ್ಕಿಂತ ಜನರ ಮಾತಿನ ಕಷ್ಟ ದೊಡ್ಡದು. "ಮಗುವಿಗೆ ಸಿಹಿ ಜಾಸ್ತಿ ತಿನ್ನಿಸಿದಿರಿ" ಎಂದವರುಂಟು. ಟಿ-ಕೋಶಗಳು ಮಾಡಿದುದಕ್ಕೆ ಅಮ್ಮನ ಕೈಯ ಕೊಬ್ಬರಿಮಿಠಾಯಿ ಹೊಣೆಯಲ್ಲ. "ಹೆಣ್ಣುಮಗು, ನಾಲ್ಕು ಜನಕ್ಕೆ ತಿಳಿಯಬಾರದು" ಎಂದು ಬಂಧುಗಳು ಬುದ್ಧಿ ಹೇಳಿದರು. ಚುಚ್ಚುವುದನ್ನು ನಿಲ್ಲಿಸಿ ಕಷಾಯ ಕುಡಿಸಿರೆಂದವರೂ ಉಂಟು. ಸೊಪ್ಪು ಬೇರುಗಳ ಗುಣ ಏನೇ ಇರಲಿ, ಸತ್ತ ಲೆಕ್ಕಿಗನ ಕೈಯಲ್ಲಿ ಯಾವ ಕಷಾಯವೂ ಲೆಕ್ಕ ಬರೆಯಿಸಲಾರದು. ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಹತ್ತನೆಯ ತರಗತಿಯ ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೇಲ್ವಿಚಾರಕರೊಬ್ಬರು ತಂಗಿಯ ಬಿಸ್ಕತ್ತಿನ ಪೊಟ್ಟಣವನ್ನು ತೆಗೆದು ಹೊರಗಿಡಿಸಿದರು. ಕೊನೆಯ ಅರ್ಧ ಗಂಟೆಯಲ್ಲಿ ಕೈ ನಡುಗಿ, ಅಕ್ಷರ ಒಂದರ ಮೇಲೊಂದು ಬಿದ್ದು, ಬಲ್ಲ ಉತ್ತರವನ್ನೂ ಆಕೆ ಬರೆಯಲಾರದೆ ಹೋದಳು. ಅದು ಸೋಮಾರಿತನವಲ್ಲ, ನಕಲಿನ ಉಪಾಯವೂ ಅಲ್ಲ. ಮೆದುಳಿಗೆ ಉರುವಲು ತೀರಿತ್ತು, ಅಷ್ಟೆ. ಇಂತಹ ವಿದ್ಯಾರ್ಥಿಗಳು ತಿಂಡಿಯನ್ನು ಪರೀಕ್ಷಾ ಕೊಠಡಿಗೆ ಒಯ್ಯಬಹುದೆಂದು ಕೇಂದ್ರ ಪ್ರೌಢಶಿಕ್ಷಣ ಮಂಡಳಿ, ಎಂದರೆ ಸಿ.ಬಿ.ಎಸ್.ಇ., ೨೦೧೭ರಲ್ಲಿಯೇ ಅನುಮತಿ ಕೊಟ್ಟಿದೆ.

ಆದುದರಿಂದ ಮಿತ್ರರಲ್ಲಿಯೂ ಗುರುಗಳಲ್ಲಿಯೂ ನನ್ನ ಅರಿಕೆ ಇಷ್ಟೆ. ಇನ್ಸುಲಿನ್ ತೆಗೆದುಕೊಳ್ಳುವ ಸಹಪಾಠಿಯೊಬ್ಬರು ತರಗತಿಯಲ್ಲಿ ಇದ್ದಕ್ಕಿದ್ದಂತೆ ಬೆವತರೆ, ನಡುಗಿದರೆ, ಸಂಬಂಧವಿಲ್ಲದ ಮಾತಾಡಿದರೆ, ತಡಮಾಡದೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ ೧೦೮ಕ್ಕೆ ಕರೆಮಾಡಬೇಕು. ಮಗುವೊಂದು ವಿಪರೀತ ನೀರು ಕುಡಿದು ಸೊರಗುತ್ತಿದ್ದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿರೆಂದು ನಿಮ್ಮ ಊರಿನಲ್ಲಿ ಹೇಳಿ. ಪರೀಕ್ಷಾ ಕೊಠಡಿಯಲ್ಲಿ ಸಕ್ಕರೆ ಪೊಟ್ಟಣ ಕಂಡರೆ ಒಂದು ಮಾತು ವಿಚಾರಿಸಿ, ಆಮೇಲೆ ತೀರ್ಮಾನಿಸಿ.

ಬೀಟಾ ಕೋಶಗಳನ್ನು ಒಬ್ಬರಿಂದ ಒಬ್ಬರಿಗೆ ಕಸಿಮಾಡುವ ಪ್ರಯತ್ನದಲ್ಲಿ ೨೦೦೦ದಲ್ಲಿ ಕೆನಡಾದ ಎಡ್ಮಂಟನ್ನಿನ ವೈದ್ಯರು ಒಳ್ಳೆಯ ಫಲವನ್ನು ಕಂಡರು. ಅಂದಿನಿಂದ ಆ ಕೆಲಸ ಮುಂದುವರಿದಿದೆ. ಈ ಲೇಖನಕ್ಕೆ ತಂಗಿಯ ಅಪ್ಪಣೆಯನ್ನು ಕೇಳಿದಾಗ ಆಕೆ, "ಅಕ್ಕಾ, ಎಲ್ಲ ಬರಿ, ಹೆಸರೊಂದು ಬೇಡ. ಆ ಸಕ್ಕರೆ ನೀರಿನ ಮಾತನ್ನು ಮಾತ್ರ ಮರೆಯಬೇಡ" ಎಂದಳು. ಇದನ್ನು ಓದುತ್ತಿರುವಷ್ಟು ಹೊತ್ತೂ ನಿಮ್ಮ ಬೀಟಾ ಕೋಶಗಳು ನಿಮ್ಮನ್ನು ಕೇಳದೆಯೇ ಆ ಒಂದು ಚಮಚದ ಲೆಕ್ಕವನ್ನು ಸರಿಯಾಗಿ ಇಟ್ಟಿವೆ. ಅವು ಇಲ್ಲದವರಿಗೆ ಅಕ್ಕಪಕ್ಕದವರ ತಿಳಿವಳಿಕೆಯೇ ಆಸರೆ. ಅದನ್ನು ಸ್ವಲ್ಪವಾದರೂ ಹೆಚ್ಚಿಸಿದರೆ ಈ ಲೇಖನ ಸಾರ್ಥಕ.